ಕ್ರೀಡಾಚಾರ್ಯ ಅಮೋಸ್ ಅಲೊಂಜೊ ಸ್ಟ್ಯಾಗ್

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕರನ್ನೂ ಪಂಡಿತರನ್ನೂ ದಾನಿಗಳನ್ನೂ ತಪ್ಪದೆ ನೆನೆಯುತ್ತಾರೆ. ಆಟದ ಬಯಲನ್ನು ಕಾಯ್ದುಕೊಂಡು ಬಂದವನ ಹೆಸರು ಆ ಪುಟಗಳಲ್ಲಿ ಕಾಣಸಿಗುವುದು ವಿರಳ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿ ನಲವತ್ತು ವರ್ಷ ಅಂಗಸಾಧನ ವಿಭಾಗದ ನಿರ್ದೇಶಕರಾಗಿದ್ದ ಸ್ಟ್ಯಾಗ್ ಅವರನ್ನು ಬಿಟ್ಟು ಆ ವಿದ್ಯಾಲಯದ ಮೊದಲ ಅಧ್ಯಾಯಗಳನ್ನು ಬರೆಯುವುದೇ ಸಾಧ್ಯವಿಲ್ಲ.

ಸ್ಟ್ಯಾಗ್ ಅವರು 1862ರ ಆಗಸ್ಟ್ 16ರಂದು ನ್ಯೂಜರ್ಸಿ ಪ್ರಾಂತದ ವೆಸ್ಟ್ ಆರೆಂಜ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪಾದರಕ್ಷೆ ಹೊಲಿದು ಜೀವಿಸುತ್ತಿದ್ದವರು. ಮನೆಯಲ್ಲಿ ಮಕ್ಕಳು ಎಂಟು. ಬಡತನದೊಡನೆ ಹೋರಾಡುತ್ತಲೇ ಓದಿ ಯೇಲ್ ವಿಶ್ವವಿದ್ಯಾಲಯವನ್ನು ಸೇರಿ 1888ರಲ್ಲಿ ಪದವೀಧರರಾದರು. ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವ ಅವರ ಕೈಚಳಕವನ್ನು ಕಂಡು ವೃತ್ತಿತಂಡಗಳು ಹಣದ ಆಸೆ ತೋರಿಸಿದವು. ಮನೆಯಲ್ಲಿ ಕೊರತೆಯಿದ್ದರೂ ಆಟವನ್ನು ಮಾರಿಕೊಳ್ಳಲು ಅವರು ಒಪ್ಪಲಿಲ್ಲ. ಧರ್ಮೋಪದೇಶಕರಾಗಬೇಕೆಂಬುದು ಅವರ ಹಂಬಲ. ಆದರೆ ವೇದಿಕೆಯ ಮೇಲೆ ನಿಂತು ಮಾತನಾಡುವ ಶಕ್ತಿ ತಮಗಿಲ್ಲವೆಂದು ಮನಗಂಡು ಆ ಹಾದಿಯನ್ನು ಬಿಟ್ಟರು. ವಾಕ್ಶಕ್ತಿಯಿಲ್ಲದಿದ್ದರೂ ವೇದಿಕೆಯನ್ನು ಬಿಟ್ಟಿಳಿಯದವರು ಬಹುಮಂದಿ ಇರುವ ಲೋಕದಲ್ಲಿ ಇದು ಸಣ್ಣ ವಿವೇಕವಲ್ಲ.

ಅನಂತರ ಅವರು ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು. ಜೇಮ್ಸ್ ನೈಸ್ಮಿತ್ ಅವರು ಬ್ಯಾಸ್ಕೆಟ್‌ಬಾಲ್ ಆಟವನ್ನು ಸೃಷ್ಟಿಸಿದ್ದು ಅಲ್ಲಿಯೇ. 1892ರ ಮಾರ್ಚ್ 11ರಂದು ಆ ಆಟದ ಮೊದಲ ಸಾರ್ವಜನಿಕ ಪಂದ್ಯ ನಡೆದಾಗ ಶಿಷ್ಯರು ಗುರುಗಳನ್ನು 5-1ರಿಂದ ಸೋಲಿಸಿದರು; ಗುರುಗಳ ಪಕ್ಷದ ಆ ಒಂದು ಅಂಕವನ್ನು ಗಳಿಸಿದವರು ಸ್ಟ್ಯಾಗ್. ಇದೇ ಶಾಲೆಯಲ್ಲಿ ಓದಿದ ಹ್ಯಾರಿ ಕ್ರೋ ಬಕ್ ಎಂಬವರು ಮುಂದೆ 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣಶಾಲೆಯನ್ನು ತೆರೆದರು. ದಕ್ಷಿಣ ಭಾರತದ ಶಾಲೆಗಳಿಗೆ ವ್ಯಾಯಾಮ ಶಿಕ್ಷಣದ ಹೊಸ ಕ್ರಮವು ಬಂದುದು ಬಹುಮಟ್ಟಿಗೆ ಆ ದಾರಿಯಿಂದಲೇ.

ಯೇಲ್‌ನಲ್ಲಿ ಸ್ಟ್ಯಾಗ್ ಅವರಿಗೆ ಗುರುಗಳಾಗಿದ್ದ ಹೀಬ್ರೂ ವಿದ್ವಾಂಸ ವಿಲಿಯಂ ರೇನಿ ಹಾರ್ಪರ್ ಅವರು ಹೊಸದಾಗಿ ತಲೆಯೆತ್ತುತ್ತಿದ್ದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಅವರು ಶಿಷ್ಯನನ್ನು ಕರೆಸಿಕೊಂಡು ಸಹಪ್ರಾಧ್ಯಾಪಕ ಪದವಿಯನ್ನಿತ್ತು, ಆ ಹುದ್ದೆಯನ್ನು ಕಾಯಂ ಮಾಡಿದರು. ಆಟ ಕಲಿಸುವವನಿಗೆ ಅಂಥ ಸ್ಥಾನ ಅದುವರೆಗೆ ಅಮೆರಿಕದಲ್ಲಿ ದೊರೆತಿರಲಿಲ್ಲ. ಡ್ರಿಲ್ ಮೇಷ್ಟರೆಂದರೆ ಗಂಟೆ ಹೊಡೆಸಲು, ಮೆರವಣಿಗೆಯ ಸಾಲು ನಿಲ್ಲಿಸಲು ಮಾತ್ರ ಎಂದು ಭಾವಿಸುವ ನಮ್ಮ ಅಧ್ಯಾಪಕರ ಕೊಠಡಿಗಳು ಈ ಸಂಗತಿಯನ್ನು ಗಮನಿಸಬೇಕು.

1892ರ ಅಕ್ಟೋಬರ್‌ನಲ್ಲಿ ವಿದ್ಯಾಲಯದ ಬಾಗಿಲು ತೆರೆದೊಡನೆಯೇ ಫುಟ್‌ಬಾಲ್ ಅಭ್ಯಾಸವೂ ಆರಂಭವಾಯಿತು. ಇದು ನಾವು ಬಲ್ಲ ಕಾಲ್ಚೆಂಡಲ್ಲ. ಉದ್ದುರುಟಾದ ಚೆಂಡನ್ನು ತೋಳಿನಲ್ಲಿ ಅವಚಿಕೊಂಡು ಓಡುವ, ಓಡುವವನನ್ನು ಕೆಡಹುವ ಉಗ್ರವಾದ ಆಟ. ಆಟಗಾರರು ಸಾಲದೆ ಹೋದುದರಿಂದ ಆ ವರ್ಷ ಗುರುವೇ ಶಿಷ್ಯರೊಡನೆ ಕಣಕ್ಕಿಳಿದರು. ವರ್ತಕ ಮಾರ್ಷಲ್ ಫೀಲ್ಡ್ ಒದಗಿಸಿದ ಜಾಗದಲ್ಲಿ ಬಯಲು ಸಿದ್ಧವಾಯಿತು. 1894ರಲ್ಲಿ ಕೈಹಿಡಿದ ಸ್ಟೆಲ್ಲಾ ಅವರು ಪತಿಯ ಕೆಲಸದಲ್ಲಿ ಸಮಭಾಗಿಯಾದರು. ಎದುರು ತಂಡಗಳ ಆಟವನ್ನು ನೋಡಿ ನಕ್ಷೆ ಬರೆದುಕೊಡುವಷ್ಟು ಆಟದ ಮರ್ಮ ಅವರಿಗೆ ತಿಳಿದಿತ್ತು.

1896ರಲ್ಲಿ ಏಳು ವಿಶ್ವವಿದ್ಯಾಲಯಗಳು ಕೂಡಿ ಕ್ರೀಡಾನಿಯಂತ್ರಣಕ್ಕಾಗಿ ಒಂದು ಒಕ್ಕೂಟವನ್ನು ಕಟ್ಟಿದವು. ಮುಂದೆ ಬಿಗ್ ಟೆನ್ ಎಂದು ಹೆಸರಾದ ಆ ಒಕ್ಕೂಟದಲ್ಲಿ ಸ್ಟ್ಯಾಗ್ ಅವರ ತಂಡ ಏಳು ಬಾರಿ ಅಗ್ರಸ್ಥಾನ ಪಡೆಯಿತು. 1905ರಲ್ಲಿ, ಐವತ್ತಾರು ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು ಅವರ ಶಿಷ್ಯರು 2-0ರಿಂದ ಮಣಿಸಿದರು.

ಅವರು ಮದ್ಯ ಮುಟ್ಟಲಿಲ್ಲ, ಹೊಗೆ ಸೇದಲಿಲ್ಲ. ಕೋಪ ಮಿತಿಮೀರಿದಾಗ ಆಟಗಾರನನ್ನು ಕತ್ತೆಯೆಂದು ಕರೆಯುವುದೇ ಅವರ ಬೈಗುಳದ ಎಲ್ಲೆ. ವ್ಯಕ್ತಿಯ ಶೀಲ ಇಷ್ಟು ನಿರ್ಮಲವಾಗಿದ್ದರೂ ಅವರು ಕಟ್ಟಿದ ವ್ಯವಸ್ಥೆ ಅಷ್ಟೇ ನಿರ್ಮಲವಾಗಿತ್ತೆಂದು ಹೇಳುವಂತಿಲ್ಲ. ಹಾರ್ಪರ್ ಅವರ ಒತ್ತಾಸೆಯಿಂದ ಕ್ರೀಡಾವಿಭಾಗ ವಿದ್ಯಾಲಯದೊಳಗೊಂದು ಪ್ರತ್ಯೇಕ ಸಂಸ್ಥಾನದಂತೆ ಬೆಳೆಯಿತು. ಪ್ರೌಢಶಾಲೆಗಳ ಹುಡುಗರಿಗೆ ಏರ್ಪಡಿಸಿದ ಪಂದ್ಯಗಳು ಒಳ್ಳೆಯ ಆಟಗಾರರನ್ನು ಸೆಳೆಯುವ ಬಲೆಯೂ ಆದವು. ಓದಿನಲ್ಲಿ ಹಿಂದುಳಿದ ಆಟಗಾರರಿಗೆ ರಿಯಾಯಿತಿ ದೊರೆಯಿತೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಗೆಲುವಿನ ಘೋಷ ಕಿವಿದುಂಬಿದಾಗ ತರಗತಿಯ ಪಾಠ ಕೇಳಿಸದೆ ಹೋಗುವುದುಂಟು. ಈ ದೋಷದಿಂದ ಸ್ಟ್ಯಾಗ್ ಅವರನ್ನು ಪೂರ್ಣವಾಗಿ ಬಿಡಿಸಲು ನನ್ನ ಮನಸ್ಸು ಒಪ್ಪದು.

1929ರಲ್ಲಿ ತರುಣ ರಾಬರ್ಟ್ ಹಚಿನ್ಸ್ ಅಧ್ಯಕ್ಷರಾದರು. ವಿದ್ಯಾಲಯಕ್ಕೆ ವಿದ್ಯೆಯೇ ಮುಖ್ಯವೆಂದು ನಂಬಿದ ಅವರಿಗೆ ಫುಟ್‌ಬಾಲ್ ವೈಭವದಲ್ಲಿ ಆಸಕ್ತಿಯಿರಲಿಲ್ಲ. ಸ್ಟ್ಯಾಗ್ ಅವರಿಗೆ ಎಪ್ಪತ್ತು ತುಂಬಿದಾಗ ನಿವೃತ್ತಿಯ ನಿಯಮವನ್ನು ಮುಂದಿಟ್ಟು, ತರಬೇತಿಗೆ ಬದಲಾಗಿ ಬೇರೊಂದು ಗೌರವದ ಕೆಲಸವನ್ನು ನೀಡಹೊರಟರು. ಮುದುಕರು ಅದನ್ನು ಒಪ್ಪಲಿಲ್ಲ. ಕೂತು ಉಣ್ಣುವ ಗೌರವ ಅವರಿಗೆ ಬೇಕಿರಲಿಲ್ಲ.

1933ರಲ್ಲಿ ಅವರು ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಪಟ್ಟಣದ ಕಾಲೇಜ್ ಆಫ್ ದಿ ಪೆಸಿಫಿಕ್ ಎಂಬ ಸಣ್ಣ ಕಾಲೇಜನ್ನು ಸೇರಿದರು. ಐದು ವರ್ಷಗಳ ಬಳಿಕ, 1938ರಲ್ಲಿ, ಆ ಕಾಲೇಜಿನ ಹುಡುಗರನ್ನು ಕರೆದುಕೊಂಡು ಷಿಕಾಗೊಗೆ ಹೋದರು. ತಮ್ಮದೇ ಹೆಸರು ಹೊತ್ತ ಸ್ಟ್ಯಾಗ್ ಬಯಲಿನಲ್ಲಿ, ತಾವೇ ಬೆಳೆಸಿದ ವಿದ್ಯಾಲಯದ ವಿರುದ್ಧ ನಿಂತು 32-0ರಿಂದ ಗೆದ್ದರು. ಮರುವರ್ಷ ಷಿಕಾಗೊ ತಂಡ ಮಿಷಿಗನ್‌ಗೆ 85-0ರಿಂದ ಸೋತಿತು. ಆ ಡಿಸೆಂಬರ್‌ನಲ್ಲಿ ಹಚಿನ್ಸ್ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ಪ್ರೇಕ್ಷಕರಿಲ್ಲದೆ ಬರಿದಾದ ಪಡುವಣ ಮೆಟ್ಟಿಲುಸಾಲಿನ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರು ಜಗತ್ತಿನ ಮೊದಲ ಪರಮಾಣು ಕ್ರಿಯಾಗಾರವನ್ನು ನಡೆಸಿದರು. ಆಟದ ಬಯಲಿಗೆ ಇಂಥ ವಿಧಿ ಬಂದೀತೆಂದು ಯಾವ ಜೋಯಿಸನೂ ಹೇಳಿರಲಾರ.

ಇತ್ತ ಸ್ಟ್ಯಾಗ್ ಅವರು 1943ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಆ ವರ್ಷದ ಶ್ರೇಷ್ಠ ತರಬೇತುಗಾರರೆಂದು ಮನ್ನಣೆ ಪಡೆದರು. 1946ರಲ್ಲಿ ಆ ಕಾಲೇಜನ್ನು ಬಿಟ್ಟಮೇಲೆ ಪೆನ್ಸಿಲ್ವೇನಿಯದಲ್ಲಿ ತರಬೇತುಗಾರನಾಗಿದ್ದ ಮಗನಿಗೆ ಸಹಾಯಕರಾಗಿ ನಿಂತರು. ಮಗನ ಕೈಕೆಳಗೆ ದುಡಿಯುವುದು ಅವರಿಗೆ ಅಪಮಾನವೆನಿಸಲಿಲ್ಲ. ಬಳಿಕ ಸ್ಟಾಕ್‌ಟನ್‌ಗೆ ಮರಳಿ ಅಲ್ಲಿನ ಕಿರಿಯ ಕಾಲೇಜಿನ ಹುಡುಗರಿಗೆ 1960ರವರೆಗೆ ಕಲಿಸಿದರು. ಪತ್ನಿ ಸ್ಟೆಲ್ಲಾ 1964ರಲ್ಲಿ ತೀರಿಕೊಂಡರು. ಮರುವರ್ಷ ಮಾರ್ಚ್ 17ರಂದು, ನೂರೆರಡು ವರ್ಷ ತುಂಬಿದ ಸ್ಟ್ಯಾಗ್ ಕಣ್ಮುಚ್ಚಿದರು.

ಷಿಕಾಗೊದ ಹಳೆಯ ಬಯಲಿನ ಮೇಲೆ 1970ರಲ್ಲಿ ದೊಡ್ಡದೊಂದು ಗ್ರಂಥಾಲಯ ತೆರೆಯಿತು. ಸ್ಟ್ಯಾಗ್ ಎಂಬ ಹೆಸರು ಅನತಿದೂರದ ಹೊಸ ಬಯಲಿಗೆ ಸಂದಿದೆ. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳು ತಮ್ಮೊಳಗೆ ಆಡುವ ಫುಟ್‌ಬಾಲ್ ಅಂತಿಮ ಪಂದ್ಯವೂ 1973ರಿಂದ ಅವರ ಹೆಸರಿನಲ್ಲೇ ನಡೆದುಬಂದಿದೆ.