ರಾಫಲ್ಸ್: ಕೋಠಿಗೆ ಅಪ್ಪಣೆ ಪಡೆದು ದ್ವೀಪವನ್ನೇ ದಕ್ಕಿಸಿಕೊಂಡಾತ

ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 1999ರಿಂದ 2004ರ ಅವಧಿಯಲ್ಲಿ ಕರ್ನಾಟಕದ ಮನೆಮಾತಾಗಿತ್ತು. ಆ ಮಾತನ್ನು ಮೆಚ್ಚಿದವರೂ ಮೂದಲಿಸಿದವರೂ ಕಣ್ಣ ಮುಂದೆ ಇರಿಸಿಕೊಂಡದ್ದು ಅಗಲವಾದ ರಸ್ತೆಗಳ, ಗಗನಚುಂಬಿ ಕಟ್ಟಡಗಳ, ಬಿಡುವಿಲ್ಲದ ಬಂದರಿನ ನಗರವನ್ನು. ಆದರೆ ಆ ನಗರದ ತಳಪಾಯಕ್ಕೂ ಅಡಿಯಲ್ಲಿ ಇರುವುದು ಒಂದು ಕಾಗದ. ಪರರ ನಾಡಿನ ಕಡಲತಡಿಯಲ್ಲಿ ವ್ಯಾಪಾರದ ಕೋಠಿಯೊಂದನ್ನು ಕಟ್ಟಿಕೊಳ್ಳಲು 1819ರಲ್ಲಿ ಪಡೆದ ಅನುಮತಿಪತ್ರವದು. ಪಡೆದವನು ಥಾಮಸ್ ಸ್ಟ್ಯಾಮ್‌ಫರ್ಡ್ ರಾಫಲ್ಸ್. ನೆಲ ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ತನಗೆ ಬೇಕಾದ ಉತ್ತರವನ್ನು ತಾನೇ ಸಿದ್ಧಪಡಿಸಿಕೊಂಡದ್ದು ಆತನ ಚಾಣಾಕ್ಷತೆ. ಅದಕ್ಕೆ ಬೆಲೆ ತೆತ್ತವರು ಬೇರೆಯವರು.

ಹಡಗಿನಲ್ಲಿ ಹುಟ್ಟಿದ ಗುಮಾಸ್ತ

ರಾಫಲ್ಸ್ ಹುಟ್ಟಿದ್ದು 1781ರ ಜುಲೈ 6ರಂದು, ಜಮೈಕಾ ದ್ವೀಪದ ಸಮೀಪ ಸಮುದ್ರದಲ್ಲಿದ್ದ ಹಡಗೊಂದರಲ್ಲಿ. ತಂದೆ ಹಡಗಿನ ಕಪ್ತಾನ. ಮನೆಯ ಹಣಕಾಸಿನ ಸ್ಥಿತಿ ಚೆನ್ನಾಗಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡ. ಹತ್ತು ವರ್ಷಗಳ ಬಳಿಕ, 1805ರಲ್ಲಿ, ಪೆನಾಂಗ್ ದ್ವೀಪದ ಆಡಳಿತದಲ್ಲಿ ಸಹಾಯಕ ಕಾರ್ಯದರ್ಶಿಯ ಹುದ್ದೆ ದೊರೆಯಿತು. ಅಲ್ಲಿಗೆ ಹೊರಟ ಹಡಗಿನಲ್ಲೇ ಆತ ಮಲಯ ಭಾಷೆಯನ್ನು ಕಲಿಯತೊಡಗಿದ. ಉಳಿದ ಅಧಿಕಾರಿಗಳು ದುಭಾಷಿಗಳ ಬಾಯಿಂದ ಕೇಳಿದ್ದನ್ನು ಈತ ನೇರವಾಗಿ ಕೇಳಬಲ್ಲವನಾದ. ಅಲ್ಲಿನ ಅರಸುಮನೆತನಗಳ ವಂಶಾವಳಿ, ದಾಯಾದಿ ಕಲಹ, ಪಟ್ಟದ ವಿಧಿವಿಧಾನಗಳೆಲ್ಲ ಆತನಿಗೆ ಕರತಲಾಮಲಕವಾದವು. ಮುಂದೆ ಕೈಹಿಡಿದದ್ದು ಈ ತಿಳಿವಳಿಕೆಯೇ.

1811ರಲ್ಲಿ ಬ್ರಿಟಿಷ್ ಸೇನೆ ಜಾವಾ ದ್ವೀಪವನ್ನು ಗೆದ್ದುಕೊಂಡಾಗ, ಮೂವತ್ತರ ಹರೆಯದ ರಾಫಲ್ಸ್ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಆದ. ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ಸೀಮೆಯ ಮೋಜಣಿ ನಡೆಸಿ, ಕೈಫಿಯತ್ತುಗಳ ಸಂಗ್ರಹದಿಂದ ಕನ್ನಡಿಗರಿಗೆ ಪರಿಚಿತನಾಗಿರುವ ಕಾಲಿನ್ ಮೆಕೆಂಜಿಯೂ ಆ ದಂಡಯಾತ್ರೆಯಲ್ಲಿದ್ದ. ಜಾವಾದ ಭೂಹಿಡುವಳಿಯ ಸ್ವರೂಪ ತಿಳಿಯಲು ರಾಫಲ್ಸ್ ನೇಮಿಸಿದ ಆಯೋಗಕ್ಕೆ ಆತನೇ ಮುಖ್ಯಸ್ಥನಾದ. ನೆಲ ಯಾರದು, ಅದರ ಮೇಲಿನ ಹಕ್ಕು ಎಂಥದು ಎಂಬ ವಿಚಾರ ರಾಫಲ್ಸ್‌ನನ್ನು ಆಗಿನಿಂದಲೇ ಕಾಡುತ್ತಿತ್ತು.

ಆದರೆ ಜಾವಾದ ಆಡಳಿತದಲ್ಲಿ ವಿದ್ವತ್ತು ಮಾತ್ರವಲ್ಲ, ಕ್ರೌರ್ಯವೂ ಇತ್ತು. 1812ರ ಜೂನ್‌ನಲ್ಲಿ ಬ್ರಿಟಿಷ್ ಪಡೆ ಯೋಗ್ಯಕರ್ತಾದ ಅರಮನೆಯನ್ನು ಭೇದಿಸಿತು. ಬೊಕ್ಕಸದ ಜೊತೆಗೆ ಅಪಾರ ಹಸ್ತಪ್ರತಿಗಳೂ ಲೂಟಿಯಾದವು. ಸುಲ್ತಾನನನ್ನು ಗಡಿಪಾರು ಮಾಡಿ ಆತನ ಮಗನನ್ನು ಸಿಂಹಾಸನದಲ್ಲಿ ಕೂರಿಸಲಾಯಿತು. ಬೇಡದ ಅರಸನನ್ನು ಬದಿಗೆ ಸರಿಸಿ ಬೇಕಾದವನಿಗೆ ಪಟ್ಟ ಕಟ್ಟುವ ಪಾಠ ರಾಫಲ್ಸ್‌ಗೆ ಅಲ್ಲಿ ರೂಢಿಯಾಯಿತು.

1814ರಲ್ಲಿ ಪತ್ನಿ ಒಲಿವಿಯಾ ತೀರಿಕೊಂಡಳು. 1816ರಲ್ಲಿ ಆತ ಹುದ್ದೆಯನ್ನೂ ಕಳೆದುಕೊಂಡ. ಲಂಡನ್‌ಗೆ ಮರಳಿದವನು 1817ರಲ್ಲಿ ಜಾವಾದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿ ಸರ್ ಪದವಿ ಪಡೆದ. ಅದೇ ವರ್ಷ ಸೋಫಿಯಾ ಹಲ್ ಎಂಬಾಕೆಯನ್ನು ಮದುವೆಯಾದ. 1818ರಲ್ಲಿ ಸುಮಾತ್ರಾದ ಪಶ್ಚಿಮ ತೀರದ ಬೆಂಕೂಲೆನ್‌ಗೆ ಆಡಳಿತಾಧಿಕಾರಿಯಾಗಿ ಬಂದಿಳಿದ.

ಬೇಕಿತ್ತು ಒಂದು ತುಂಡು ತೀರ

ಆ ಹೊತ್ತಿಗೆ ಯುರೋಪಿನ ಯುದ್ಧಗಳು ಮುಗಿದಿದ್ದವು. ಜಾವಾ ಮತ್ತು ಮಲಾಕ್ಕಾ ಡಚ್ಚರಿಗೆ ಮರಳಿದ್ದವು. ಭಾರತದಿಂದ ಚೀನಾಕ್ಕೆ ಹೋಗುವ ಹಡಗುಗಳು ಮಲಾಕ್ಕಾ ಅಥವಾ ಸುಂದಾ ಜಲಸಂಧಿಯನ್ನು ದಾಟಬೇಕು. ಎರಡರಲ್ಲೂ ಡಚ್ಚರ ಮಾತೇ ನಡೆಯುವಂತಾಗಿತ್ತು. 1818ರ ಕೊನೆಯಲ್ಲಿ ರಾಫಲ್ಸ್ ಕಲ್ಕತ್ತೆಗೆ ಹೋಗಿ, ಮಲಾಕ್ಕಾ ಜಲಸಂಧಿಯ ದಕ್ಷಿಣ ತುದಿಯಲ್ಲಿ ಕಂಪನಿಗೊಂದು ನೆಲೆ ಬೇಕೆಂದು ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್‌ನನ್ನು ಒಪ್ಪಿಸಿದ. ದೊರೆತ ಅಪ್ಪಣೆಗೆ ಷರತ್ತಿತ್ತು. ಡಚ್ಚರೊಡನೆ ಜಗಳಕ್ಕೆ ಆಸ್ಪದವಾಗಬಾರದು.

1819ರ ಜನವರಿ 29ರಂದು ರಾಫಲ್ಸ್, ಮಲಾಕ್ಕಾದಲ್ಲಿ ರೆಸಿಡೆಂಟ್ ಆಗಿದ್ದ ವಿಲಿಯಂ ಫರ್ಕರ್‌ನೊಡನೆ ಸಿಂಗಪುರದ ನದೀಮುಖದಲ್ಲಿ ಇಳಿದ. ಆಗ ಇಡೀ ದ್ವೀಪದಲ್ಲಿದ್ದವರು ಸುಮಾರು ಒಂದು ಸಾವಿರ ಮಂದಿ ಎಂಬುದು ಸಾಮಾನ್ಯ ಅಂದಾಜು. ಮಲಯರು, ಸಮುದ್ರವಾಸಿ ಒರಾಂಗ್ ಲಾವುತ್ ಜನ, ಒಂದಷ್ಟು ಚೀನೀ ಕೃಷಿಕರು. ನದಿಯ ಬಳಿ ವಾಸವಾಗಿದ್ದ ಮುಖಂಡ ತೆಮೆಂಗ್ಗೊಂಗ್. ಇದು ಜೊಹೊರ್ ರಾಜ್ಯದ ಉನ್ನತ ಅಧಿಕಾರಿಯೊಬ್ಬನ ಪದವಿನಾಮ. ವರ್ಷಕ್ಕೆ 3,000 ಸ್ಪ್ಯಾನಿಷ್ ಡಾಲರ್‌ಗಳಿಗೆ ಪ್ರತಿಯಾಗಿ ಕೋಠಿ ಕಟ್ಟಲು ನೆಲ ಕೊಡಲು ಆತ ಜನವರಿ 30ರಂದು ಒಪ್ಪಿ ತಾತ್ಕಾಲಿಕ ಕರಾರಿಗೆ ಸಹಿ ಹಾಕಿದ.

ಆದರೆ ತೆಮೆಂಗ್ಗೊಂಗನ ಸಹಿ ಮಾತ್ರ ಸಾಲದು ಎಂಬುದು ರಾಫಲ್ಸ್‌ಗೆ ಗೊತ್ತಿತ್ತು. ಆತ ಸುಲ್ತಾನನ ಸೇವಕ. ಸುಲ್ತಾನನ ಮುದ್ರೆಯಿಲ್ಲದ ಕಾಗದವನ್ನು ಡಚ್ಚರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು.

ಸಹಿಗಾಗಿ ಒಬ್ಬ ಸುಲ್ತಾನ

ಸುಲ್ತಾನ ಯಾರು ಎಂಬುದೇ ತೊಡಕಿನ ಪ್ರಶ್ನೆಯಾಗಿತ್ತು. ಜೊಹೊರಿನ ಸುಲ್ತಾನ ಮಹಮೂದ್ ಷಾ ಏಳು ವರ್ಷಗಳ ಹಿಂದೆ ತೀರಿಕೊಂಡಾಗ ಹಿರಿಯ ಮಗ ಹುಸೇನ್ ಊರಲ್ಲಿರಲಿಲ್ಲ; ತನ್ನ ಮದುವೆಗೆಂದು ಪಹಾಂಗ್‌ಗೆ ಹೋಗಿದ್ದ. ಆಸ್ಥಾನದಲ್ಲಿ ಪ್ರಬಲರಾಗಿದ್ದ ಬುಗಿಸ್ ಮುಖಂಡರು ಕಿರಿಯವನಾದ ಅಬ್ದುಲ್ ರಹಮಾನನನ್ನು ಮುಂದೆ ತಂದರು. ಆದರೆ ಮೃತ ಸುಲ್ತಾನನ ಪತ್ನಿಯೊಬ್ಬಳು ರಾಜಲಾಂಛನಗಳನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ಕಿರಿಯವನಿಗೆ ಶಾಸ್ತ್ರೋಕ್ತವಾಗಿ ಪಟ್ಟವಾಗಲಿಲ್ಲ. ಆದರೂ ಡಚ್ಚರು ಆತನನ್ನೇ ಅರಸನೆಂದು ಮನ್ನಿಸಿದರು. 1818ರಲ್ಲಿ ಫರ್ಕರ್ ಕೂಡ ರಿಯಾವು ಆಸ್ಥಾನದೊಡನೆ ಕಂಪನಿಯ ಪರವಾಗಿ ಒಪ್ಪಂದ ಮಾಡಿಕೊಂಡಾಗ ಅಲ್ಲಿದ್ದವನು ಇದೇ ಅಬ್ದುಲ್ ರಹಮಾನ್. ಅಂದರೆ ಕಂಪನಿಯ ಪಾಲಿಗೂ ಹಿಂದಿನ ವರ್ಷದವರೆಗೆ ಆತನೇ ಸುಲ್ತಾನ.

ರಾಫಲ್ಸ್ ಈ ಬಿರುಕನ್ನು ಕಂಡ. ರಿಯಾವು ಕಡೆ ಅಧಿಕಾರವಿಲ್ಲದೆ ಬದುಕುತ್ತಿದ್ದ ಹುಸೇನನಿಗೆ ಕರೆ ಹೋಯಿತು. ಡಚ್ಚರ ಕಣ್ತಪ್ಪಿಸಿ ಆತ ಸಿಂಗಪುರ ತಲುಪಿದ. 1819ರ ಫೆಬ್ರವರಿ 6ರಂದು ಸಮಾರಂಭ ನಡೆಯಿತು. ಹುಸೇನನನ್ನು ಜೊಹೊರಿನ ಸುಲ್ತಾನನೆಂದು ಘೋಷಿಸಿ, ಅದೇ ದಿನ ಅದೇ ಸುಲ್ತಾನನಿಂದ ಒಪ್ಪಂದಕ್ಕೆ ಮುದ್ರೆ ಒತ್ತಿಸಿಕೊಳ್ಳಲಾಯಿತು. ಸುಲ್ತಾನನಿಗೆ ವರ್ಷಕ್ಕೆ 5,000, ತೆಮೆಂಗ್ಗೊಂಗನಿಗೆ 3,000 ಸ್ಪ್ಯಾನಿಷ್ ಡಾಲರ್. ಕಂಪನಿಗೆ ಕೋಠಿ ಕಟ್ಟುವ ಹಕ್ಕು. ಬೇರೆ ಯಾವ ಯುರೋಪಿಯನ್ ದೇಶಕ್ಕೂ ಅಲ್ಲಿ ನೆಲೆ ಕೊಡುವಂತಿಲ್ಲ. ಮಾರನೆಯ ದಿನವೇ ರಾಫಲ್ಸ್ ಹಡಗೇರಿದ. ಫರ್ಕರ್ ರೆಸಿಡೆಂಟ್ ಆಗಿ ಉಳಿದ.

ಡಚ್ಚರು ಪ್ರತಿಭಟಿಸಿದರು. ಪೆನಾಂಗ್ ಗವರ್ನರ್ ಬ್ಯಾನರ್‌ಮನ್ ಫರ್ಕರ್‌ನ ನೆರವಿಗೆ ಸೈನ್ಯ ಕಳುಹಿಸಲು ನಿರಾಕರಿಸಿದ. ಸಹಿ ಹಾಕಿದ ಇಬ್ಬರೂ ಹೆದರಿ, ತಮ್ಮನ್ನು ಬಲವಂತಪಡಿಸಲಾಯಿತು ಎಂಬರ್ಥದ ಪತ್ರಗಳನ್ನು ಡಚ್ಚರ ಕಡೆಗೂ ರಿಯಾವಿಗೂ ಬರೆದರು. ಲಂಡನ್, ಕಲ್ಕತ್ತೆ ಮತ್ತು ಬಟಾವಿಯಾ ನಡುವೆ ಪತ್ರಗಳು ತಿಂಗಳುಗಟ್ಟಲೆ ಓಡಾಡುತ್ತಿದ್ದಾಗ, ಸುಂಕವಿಲ್ಲದ ಬಂದರಿಗೆ ಹಡಗುಗಳು ಬಂದು ಸೇರತೊಡಗಿದವು. ವಿವಾದ ಇತ್ಯರ್ಥವಾಗುವ ಮೊದಲೇ ಊರು ಬೆಳೆದುಬಿಟ್ಟಿತು.

ಫಿರಂಗಿಯ ಗುಂಡು ಮುಟ್ಟುವಷ್ಟು

ಅನುಮತಿಯಲ್ಲಿ ನೆಲದ ಅಳತೆ ಸ್ಪಷ್ಟವಾಗಿರಲಿಲ್ಲ. 1819ರ ಮೇ ಕೊನೆಯಲ್ಲಿ ಮರಳಿ ಬಂದ ರಾಫಲ್ಸ್, ಜೂನ್ ತಿಂಗಳಲ್ಲಿ ಇನ್ನೊಂದು ಏರ್ಪಾಡು ಮಾಡಿಕೊಂಡ. ತೀರದಲ್ಲಿ ತಂಜೊಂಗ್ ಮಲಾಂಗ್‌ನಿಂದ ತಂಜೊಂಗ್ ಕಟೊಂಗ್‌ವರೆಗೆ, ಒಳನಾಡಿನ ಕಡೆಗೆ ಕೋಠಿಯಿಂದ ಹಾರಿಸಿದ ಫಿರಂಗಿಯ ಗುಂಡು ಬೀಳುವಷ್ಟು ದೂರ. ಇದಿಷ್ಟೇ ಇಂಗ್ಲಿಷರ ಹದ್ದುಬಸ್ತು. ಉಳಿದ ದ್ವೀಪದ ಮೇಲೆ ಅವರಿಗೆ ಯಾವ ಹಕ್ಕೂ ಇರಲಿಲ್ಲ.

ಇದೇ ಭೇಟಿಯಲ್ಲಿ ರಾಫಲ್ಸ್ ಜೊತೆ ಪೆನಾಂಗ್‌ನಿಂದ ಬಂದವನು ತಮಿಳು ವರ್ತಕ ನಾರಾಯಣ ಪಿಳ್ಳೆ. ಮನೆ ಕಟ್ಟುವವರಿಗೆ ಇಟ್ಟಿಗೆ ಬೇಕೆಂಬುದನ್ನು ಅರಿತು ಅಲ್ಲಿ ಮೊದಲ ಇಟ್ಟಿಗೆ ಗೂಡು ಹಾಕಿದವನು ಆತ. ಸೌತ್ ಬ್ರಿಜ್ ರಸ್ತೆಯಲ್ಲಿ ಇಂದಿಗೂ ಪೂಜೆ ನಡೆಯುವ ಶ್ರೀ ಮಾರಿಯಮ್ಮನ್ ದೇವಾಲಯ 1827ರಲ್ಲಿ ಮರ ಮತ್ತು ತಾಳೆಗರಿಯ ಗುಡಿಯಾಗಿ ಎದ್ದುನಿಂತದ್ದೂ ಆತನಿಂದಲೇ.

ಬೇಡಿದವನೇ ನೀಡುವವನಾದಾಗ

1822ರ ಅಕ್ಟೋಬರ್‌ನಲ್ಲಿ ಮೂರನೆಯ ಮತ್ತು ಕೊನೆಯ ಬಾರಿ ಬಂದ ರಾಫಲ್ಸ್‌ನ ಮನೆಯಲ್ಲಿ ಸೂತಕ ಕವಿದಿತ್ತು. 1821ರ ಜುಲೈನಿಂದ 1822ರ ಜನವರಿಯೊಳಗೆ ಬೆಂಕೂಲೆನ್‌ನಲ್ಲಿ ಮೂವರು ಮಕ್ಕಳು ಸತ್ತಿದ್ದರು. ಆತನ ಆರೋಗ್ಯವೂ ಕೆಟ್ಟಿತ್ತು. ಆದರೂ ಎಂಟು ತಿಂಗಳು ಬಿಡುವಿಲ್ಲದೆ ದುಡಿದು ಊರಿನ ನಕ್ಷೆ ಹಾಕಿಸಿದ. ನದಿಯ ಒಂದು ದಡ ಸರ್ಕಾರಕ್ಕೆ, ಇನ್ನೊಂದು ವರ್ತಕರಿಗೆ. ಗುಡ್ಡವೊಂದನ್ನು ಅಗೆದು ಆ ಮಣ್ಣಿನಿಂದ ದಕ್ಷಿಣ ದಡದ ಜೌಗನ್ನು ತುಂಬಿಸಲಾಯಿತು. ಇಟ್ಟಿಗೆಯ ಗೋಡೆ, ಹೆಂಚಿನ ಮಾಡು, ಮುಂಭಾಗದಲ್ಲಿ ದಾರಿಹೋಕರು ನೆರಳಲ್ಲೇ ಸಾಗುವಂತೆ ಸಾಲಾದ ಜಗಲಿ ಇರಬೇಕೆಂದು ನಿಯಮವಾಯಿತು. 1823ರ ಮೊದಲ ಕಾನೂನೇ ಭೂಮಿಯ ನೋಂದಣಿಯದು.

ಸರ್ಕಾರಕ್ಕೆಂದು ಕಾದಿರಿಸಿದ್ದ ತೀರದಲ್ಲಿ ಮನೆ, ಮಳಿಗೆ ಕಟ್ಟಿಕೊಳ್ಳಲು ಫರ್ಕರ್ ವರ್ತಕರಿಗೆ ಸಮ್ಮತಿ ಕೊಟ್ಟಿದ್ದ. ಅವರನ್ನೆಲ್ಲ ಪರಿಹಾರ ಕೊಟ್ಟು ಎಬ್ಬಿಸಲಾಯಿತು. ನಾಲ್ಕು ವರ್ಷ ಊರನ್ನು ಕಾದಿದ್ದ ಫರ್ಕರ್ ಹುದ್ದೆ ಕಳೆದುಕೊಂಡ. ಮೊದಲ ಅನುಮತಿ ಕೊಟ್ಟಿದ್ದ ತೆಮೆಂಗ್ಗೊಂಗನೂ ನದಿತೀರದ ತನ್ನ ವಾಸಸ್ಥಳವನ್ನು ಬಿಟ್ಟು ತೆಲೊಕ್ ಬ್ಲಾಂಗಾಗೆ ಸರಿಯಬೇಕಾಯಿತು. 1823ರ ಜೂನ್ 7ರಂದು, ರಾಫಲ್ಸ್ ಊರು ಬಿಡುವ ಎರಡು ದಿನ ಮೊದಲು, ಮತ್ತೊಂದು ಕರಾರು ಆಯಿತು. ತಿಂಗಳ ಸಂಬಳದಂತೆ ಸುಲ್ತಾನನಿಗೆ 1,500, ತೆಮೆಂಗ್ಗೊಂಗನಿಗೆ 800 ಡಾಲರ್. ಅವರ ಸ್ವಂತ ವಾಸದ ನೆಲವನ್ನು ಬಿಟ್ಟು ಉಳಿದ ಇಡೀ ದ್ವೀಪ ಕಂಪನಿಯ ವಿಲೇವಾರಿಗೆ.

1824ರ ಜನವರಿಯ ಮೊದಲ ಜನಗಣತಿಯಲ್ಲಿ ಲೆಕ್ಕ ಸಿಕ್ಕವರು 10,683 ಮಂದಿ. ಮಾರ್ಚ್ 17ರಂದು ಲಂಡನ್‌ನಲ್ಲಿ ಆಂಗ್ಲೋ-ಡಚ್ ಒಪ್ಪಂದವಾಗಿ ಡಚ್ಚರು ಸಿಂಗಪುರದ ತಕರಾರು ಕೈಬಿಟ್ಟರು. ಆಗಸ್ಟ್ 2ರಂದು, ಫರ್ಕರ್‌ನ ಸ್ಥಾನಕ್ಕೆ ಬಂದಿದ್ದ ಜಾನ್ ಕ್ರಾಫರ್ಡ್ ಇಡೀ ದ್ವೀಪವನ್ನು ಕಂಪನಿಗೆ ಶಾಶ್ವತವಾಗಿ ಬರೆಸಿಕೊಂಡ. ಕೋಠಿಯೊಂದಕ್ಕೆ ಕೊಟ್ಟ ಅಪ್ಪಣೆ ಐದೂವರೆ ವರ್ಷಗಳಲ್ಲಿ ದ್ವೀಪದ ಕ್ರಯಪತ್ರವಾಯಿತು. ಸುಲ್ತಾನ ಹುಸೇನ್ 1835ರಲ್ಲಿ ಮಲಾಕ್ಕಾದಲ್ಲಿ ತೀರಿಕೊಂಡ.

ದೊರೆಯದ ಅನುಮತಿ

ಪಡೆದುಕೊಟ್ಟವನಿಗೂ ಸುಖವಿರಲಿಲ್ಲ. 1823ರಲ್ಲಿ ಇನ್ನೊಂದು ಹಸುಗೂಸು ಸತ್ತು, ಐವರಲ್ಲಿ ಉಳಿದದ್ದು ಒಂದೇ ಮಗು. 1824ರ ಫೆಬ್ರವರಿ 2ರಂದು ಬೆಂಕೂಲೆನ್‌ನಿಂದ ಹೊರಟ ಹಡಗು ಅದೇ ರಾತ್ರಿ ಹೊತ್ತಿ ಉರಿಯಿತು. ಗಂಡ ಹೆಂಡತಿ ಜೀವ ಉಳಿಸಿಕೊಂಡರು. ಜೀವಮಾನದ ಹಸ್ತಪ್ರತಿ, ಚಿತ್ರ, ಪ್ರಾಣಿ ಸಂಗ್ರಹಗಳೆಲ್ಲ ಬೂದಿಯಾದವು. ಇಂಗ್ಲೆಂಡಿನಲ್ಲಿ ಕಂಪನಿ ಪಿಂಚಣಿ ಕೊಡಲಿಲ್ಲ. ಬದಲಿಗೆ 22,000 ಪೌಂಡ್‌ಗೂ ಹೆಚ್ಚು ಬಾಕಿ ತೆರಬೇಕೆಂದು 1826ರಲ್ಲಿ ಪತ್ರ ಕಳುಹಿಸಿತು. ಅದೇ ವರ್ಷ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘವನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷನಾದ ರಾಫಲ್ಸ್, ಜುಲೈ 5ರಂದು, ನಲವತ್ತೈದು ತುಂಬಲು ಒಂದು ದಿನವಿರುವಾಗ ನಿಧನನಾದ.

ಹೆಂಡನ್ ಊರಿನ ಚರ್ಚಿನಲ್ಲಿ ಆತನ ಸ್ಮಾರಕಫಲಕಕ್ಕೆ ಪಾದ್ರಿ ಅನುಮತಿ ಕೊಡಲಿಲ್ಲ. ಪಾದ್ರಿಯ ಕುಟುಂಬಕ್ಕೆ ಗುಲಾಮರ ದುಡಿಮೆಯಿಂದ ಸಂಪತ್ತು ಬಂದಿದ್ದು, ಗುಲಾಮಗಿರಿಯ ವಿರುದ್ಧ ರಾಫಲ್ಸ್ ತಳೆದ ನಿಲುವು ಅದಕ್ಕೆ ಕಾರಣ ಎನ್ನಲಾಗುತ್ತದೆ. ಸಮಾಧಿಯ ಜಾಗ ಮರೆತುಹೋಗಿ, 1914ರಲ್ಲಿ ಮತ್ತೆ ಪತ್ತೆಯಾಯಿತು. ಪರದೇಶದ ತೀರದಲ್ಲಿ ಪಟ್ಟಣಕ್ಕೆ ನೆಲ ಗಿಟ್ಟಿಸಿದವನಿಗೆ ಸ್ವದೇಶದಲ್ಲಿ ಒಂದು ಫಲಕದಷ್ಟು ಗೋಡೆ ದಕ್ಕಲು ದಶಕಗಳೇ ಬೇಕಾದವು.

ಸಿಂಗಪುರದಲ್ಲಿ ಆತನ ಪ್ರತಿಮೆ 1887ರಲ್ಲಿ ಅನಾವರಣಗೊಂಡಿತು. ಒಪ್ಪಂದಕ್ಕೆ ಇನ್ನೂರು ವರ್ಷ ತುಂಬಿದ 2019ರಲ್ಲಿ, ನದಿಯ ದಂಡೆಯ ರಾಫಲ್ಸ್ ಪ್ರತಿಮೆಯ ಬದಿಯಲ್ಲಿ ಇನ್ನೂ ನಾಲ್ವರ ಪ್ರತಿಮೆಗಳನ್ನು ತಾತ್ಕಾಲಿಕವಾಗಿ ಇರಿಸಲಾಯಿತು: ಐತಿಹ್ಯದ ರಾಜಕುಮಾರ ಸಾಂಗ್ ನಿಲ ಉತಮ, ಚೀನೀ ವರ್ತಕ ತಾನ್ ತೊಕ್ ಸೆಂಗ್, ಮಲಯ ಲೇಖಕ ಮುನ್ಶಿ ಅಬ್ದುಲ್ಲಾ ಮತ್ತು ನಾರಾಯಣ ಪಿಳ್ಳೆ. ಊರು ಒಬ್ಬನಿಂದಾದದ್ದಲ್ಲ ಎಂಬುದನ್ನು ಹೇಳುವುದು ಅದರ ಉದ್ದೇಶವಾಗಿತ್ತು. ನೆಲ ಕೊಡುವ ಪತ್ರಕ್ಕೆ ಮುದ್ರೆ ಒತ್ತಿದ ಸುಲ್ತಾನನಾಗಲಿ ತೆಮೆಂಗ್ಗೊಂಗನಾಗಲಿ ಆ ಸಾಲಿನಲ್ಲಿ ಇರಲಿಲ್ಲ.