ಲೆಕ್ಕದ ಕಡತ ಬಿಟ್ಟು ಶರಣರ ಕಥೆ ಹಿಡಿದ ಹಂಪೆಯ ಹರಿಹರ

ಬಳ್ಳಾರಿ ಸೀಮೆ ಕನ್ನಡಕ್ಕೆ ಕೊಟ್ಟ ಕವಿಗಳಲ್ಲಿ ಹಂಪೆಯ ಹರಿಹರನದು ಮೊದಲ ಸಾಲಿನ ಹೆಸರು. ಕಾವ್ಯ ಯಾರನ್ನು ಹಾಡಬೇಕು, ಯಾರನ್ನು ಹಾಡಬಾರದು ಎಂಬ ಪ್ರಶ್ನೆಗೆ ಧರ್ಮದ ನೆಲೆಯಿಂದ ಆತ ಕೊಟ್ಟ ಉತ್ತರವು ಕನ್ನಡ ಸಾಹಿತ್ಯದ ದಿಕ್ಕನ್ನೇ ಬದಲಿಸಿತು. ಅದೇ ಉತ್ತರ ಅವನ ಮನೆಯೊಳಗೇ ಕಲಹವನ್ನೂ ತಂದಿತು.

ಹರಿಹರನ ಕಾಲವನ್ನು 12ನೆಯ ಶತಮಾನದ ಕೊನೆ ಹಾಗೂ 13ನೆಯ ಶತಮಾನದ ಆರಂಭವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ವಿಜಯನಗರ ಸಾಮ್ರಾಜ್ಯ ಹುಟ್ಟಲು ಆಗಿನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲವಿತ್ತು. ಹಂಪೆಯೆಂದರೆ ಆಗ ಪಂಪಾಪತಿ ವಿರೂಪಾಕ್ಷನ ಕ್ಷೇತ್ರ. ಸಮೀಪದ ಕುರುಗೋಡಿನಲ್ಲಿ ಸಿಂದ ಮನೆತನದವರು ಆಳಿದ್ದರು. ಇಂದಿನ ಸಿರುಗುಪ್ಪ, ಕರೂರುಗಳವರೆಗೆ ಹರಡಿದ ಈ ಬಯಲು ನಾಡಿನಲ್ಲಿ ಶೈವ ಮಠ, ಗುಡಿಗಳೂ ಜೈನ ಬಸದಿಗಳೂ ಒಂದೇ ಸೀಮೆಯನ್ನು ಹಂಚಿಕೊಂಡಿದ್ದ ಕಾಲವದು. 2021ರಲ್ಲಿ ಜಿಲ್ಲೆ ಒಡೆದು ಹಂಪೆ ವಿಜಯನಗರ ಜಿಲ್ಲೆಗೆ ಸೇರಿದರೂ ಬಳ್ಳಾರಿಯವರು ಹರಿಹರನನ್ನು ಹೊರಗಿನವನೆಂದು ಎಣಿಸುವುದಿಲ್ಲ.

ಅವನ ಜೀವನದ ಬಗ್ಗೆ ತಿಳಿದಿರುವುದು ಹೆಚ್ಚಾಗಿ ಪರಂಪರೆಯ ಕಥೆಗಳಿಂದ. ತಂದೆ ಮಹಾದೇವಭಟ್ಟ, ತಾಯಿ ಶರ್ವಾಣಿ, ತಂಗಿ ರುದ್ರಾಣಿ. ಯುವಕ ಹರಿಹರ ಹೊಯ್ಸಳ ನರಸಿಂಹ ಬಲ್ಲಾಳನ ಆಸ್ಥಾನದಲ್ಲಿ ಕರಣಿಕನಾಗಿ ಲೆಕ್ಕ ಬರೆಯುತ್ತಿದ್ದ. ಒಮ್ಮೆ ಅರಸನೆದುರು ಲೆಕ್ಕ ಓದುತ್ತಿದ್ದವನು ಇದ್ದಕ್ಕಿದ್ದಂತೆ ಕಡತವನ್ನು ಕೈಯಿಂದ ಉಜ್ಜಿದನಂತೆ. ಕಾರಣ ಕೇಳಿದರೆ, ಹಂಪೆಯಲ್ಲಿ ವಿರೂಪಾಕ್ಷನ ಮುಂದಿನ ತೆರೆಗೆ ಬೆಂಕಿ ಹತ್ತಿತ್ತು, ಅದನ್ನು ಆರಿಸಿದೆ ಎಂದನಂತೆ. ದೂತರು ಹೋಗಿ ನೋಡಿದಾಗ ಮಾತು ನಿಜವಾಗಿತ್ತು. ಆಮೇಲೆ ಆತ ಅರಮನೆಯ ಕೆಲಸ ತೊರೆದು ಹಂಪೆಗೆ ಮರಳಿದ. ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು; ರಾಜಸೇವೆಗೆ ಬೆನ್ನು ತಿರುಗಿಸಿದ ಮನಸ್ಸನ್ನಂತೂ ಅವನ ಕಾವ್ಯಗಳು ಸ್ಪಷ್ಟವಾಗಿ ತೋರುತ್ತವೆ. ಮನುಷ್ಯರನ್ನು ಹೊಗಳಿ ಬದುಕುವ ಕವಿಗಳ ಮೇಲಿನ ತಿರಸ್ಕಾರ ‘ಪಂಪಾಶತಕ’ದಲ್ಲಿ ಎದ್ದು ಕಾಣುತ್ತದೆ.

ಹರಿಹರನಿಗೆ ಹಳೆಯ ದಾರಿ ಬಾರದೆ ಇರಲಿಲ್ಲ. ಶಿವ-ಪಾರ್ವತಿಯರ ವಿವಾಹದ ವಸ್ತುವುಳ್ಳ ‘ಗಿರಿಜಾಕಲ್ಯಾಣ’ವನ್ನು ಆತ ಬರೆದದ್ದು ಚಂಪೂ ರೂಪದಲ್ಲಿ, ಅಂದರೆ ಪಂಪ, ರನ್ನರಂತಹ ಜೈನ ಕವಿಗಳು ಬೆಳೆಸಿದ ರೂಪದಲ್ಲಿಯೇ. ಆದರೆ ಅವನ ಕೀರ್ತಿ ನಿಂತಿರುವುದು ರಗಳೆಗಳ ಮೇಲೆ. ಇಂದು ಆಡುಮಾತಿನಲ್ಲಿ ರಗಳೆಯೆಂದರೆ ತಾಪತ್ರಯ. ಹರಿಹರನ ಕೈಯಲ್ಲಿ ಅದು ಸರಾಗವಾಗಿ ಓಡುವ, ಸಾಲಿನ ಮಿತಿಯಿಲ್ಲದ ಮಾತ್ರಾಛಂದಸ್ಸು. ಮೊದಲು ಚಂಪೂ ಕಾವ್ಯಗಳ ನಡುವೆ ಅಲ್ಲಲ್ಲಿ ಬರುತ್ತಿದ್ದ ಈ ಬಂಧವನ್ನು ಆತ ಸ್ವತಂತ್ರ ಕಾವ್ಯವಾಗಿಸಿದ. ಹಲವು ದೊಡ್ಡ ರಗಳೆಗಳಲ್ಲಿ ಒಂದು ಸ್ಥಲ ಪದ್ಯವಾದರೆ ಮುಂದಿನದು ಗದ್ಯ.

ರೂಪಕ್ಕಿಂತ ದೊಡ್ಡ ಬದಲಾವಣೆ ನಾಯಕರಲ್ಲಿ ಆಯಿತು. ತಮಿಳುನಾಡಿನ 63 ಶೈವ ಪುರಾತನರ ಸಾಲಿನಲ್ಲಿ ಬೇಡ, ಕುಂಬಾರ, ಅಗಸ, ಬೆಸ್ತ, ಅಸ್ಪೃಶ್ಯ ಎಲ್ಲರೂ ಇದ್ದರು. ಹರಿಹರ ಆ ಪುರಾತನರ ಕಥೆಗಳನ್ನು ಕನ್ನಡಕ್ಕೆ ತಂದ. ಭಾಲ್ಕಿಯ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ನಾದಕ್ಕೆ ಶಿವನೇ ಕುಣಿಯುವ ರಗಳೆ ಇಂದಿಗೂ ತರಗತಿಗಳಲ್ಲಿ ಜನಪ್ರಿಯ. ‘ನಂಬಿಯಣ್ಣನ ರಗಳೆ’ಯಲ್ಲಂತೂ ಶಿವನು ಭಕ್ತನ ಪ್ರಣಯಕಲಹದಲ್ಲಿ ದೂತನಾಗಿ ಓಡಾಡುತ್ತಾನೆ. ಮಹಾದೇವಿಯಕ್ಕ, ಅಲ್ಲಮಪ್ರಭುಗಳ ಬದುಕನ್ನೂ ಹರಿಹರ ಕಥೆಯಾಗಿಸಿದ. ಶರಣರ ಕಾಲಕ್ಕೆ ಇಷ್ಟು ಸಮೀಪದಲ್ಲಿ ನಿಂತು ಅವರ ಕಥೆ ಬರೆದ ಕವಿ ಇನ್ನೊಬ್ಬನಿಲ್ಲ.

ಈ ಭಕ್ತಿಗೆ ಇನ್ನೊಂದು ಮುಖವೂ ಇತ್ತು. ಹರಿಹರನನ್ನು ಕೊಂಡಾಡುವಾಗ ಅದನ್ನು ಮರೆಮಾಚುವುದು ಸರಿಯಲ್ಲ. ಏಕಾಂತರಾಮಯ್ಯ ಅಬ್ಬಲೂರಿನಲ್ಲಿ, ಆದಯ್ಯ ಪುಲಿಗೆರೆಯಲ್ಲಿ ಜೈನರೊಡನೆ ನಡೆಸಿದ ಸಂಘರ್ಷವನ್ನು ಈ ರಗಳೆಗಳು ಗೆದ್ದವರ ಉತ್ಸಾಹದಿಂದ ಹೇಳುತ್ತವೆ. ಏಕಾಂತರಾಮಯ್ಯನ ಕಥೆ ಅಬ್ಬಲೂರಿನ ಶಾಸನದಲ್ಲಿಯೂ ಇರುವುದರಿಂದ ಇದು ಬರೀ ಕವಿಕಲ್ಪನೆಯಲ್ಲ. ಕುಂಬಾರನಿಗೆ ತೆರೆದ ಬಾಗಿಲು ಬಸದಿಯವರ ಪಾಲಿಗೆ ಮುಚ್ಚಿತ್ತು.

ಅದೇ ಬಿಗುವು ತಂಗಿಯ ಮಗ, ಶಿಷ್ಯ ರಾಘವಾಂಕನ ಮೇಲೂ ಎರಗಿತು. ಸಿದ್ಧನಂಜೇಶನ 17ನೆಯ ಶತಮಾನದ ‘ರಾಘವಾಂಕ ಚರಿತ್ರೆ’ ಈ ಪ್ರಸಂಗವನ್ನು ಹೇಳುತ್ತದೆ. ರಾಘವಾಂಕ ‘ಹರಿಶ್ಚಂದ್ರಕಾವ್ಯ’ ಬರೆದು ರಾಜಸಭೆಯಲ್ಲಿ ಓದಿ ಮೆಚ್ಚುಗೆ ಪಡೆದ. ಶಿವಶರಣನಲ್ಲದ ಅರಸನೊಬ್ಬನನ್ನು ಹಾಡಿದನೆಂದು ಹರಿಹರ ಕೋಪಗೊಂಡ. ವಾದ ಬೆಳೆದು ಗುರು ಪಾದುಕೆಯಿಂದ ಹೊಡೆದಾಗ ಶಿಷ್ಯನ ಐದು ಹಲ್ಲುಗಳು ಉದುರಿದವು. ಪ್ರಾಯಶ್ಚಿತ್ತವಾಗಿ ಆತ ಶಿವಪರವಾದ ಐದು ಕಾವ್ಯ ಬರೆದ ಮೇಲೆ ಹಲ್ಲುಗಳು ಮರಳಿ ಬಂದವಂತೆ. ಸಿದ್ಧರಾಮನ ಚರಿತೆ ಅವುಗಳಲ್ಲೊಂದು. ಪುಲಿಗೆರೆಯ ಆದಯ್ಯನ ಕಥೆಯುಳ್ಳ ‘ಸೋಮನಾಥಚರಿತೆ’ ಮತ್ತೊಂದು. ಎರಡು ಕಾವ್ಯಗಳು ಇಂದು ದೊರೆಯುವುದಿಲ್ಲ.

ಹಲ್ಲಿನ ಕಥೆ ಹುಟ್ಟಿದ್ದೇಕೆ ಎಂಬುದು ಯೋಚಿಸಬೇಕಾದ ಸಂಗತಿ. ಹರಿಶ್ಚಂದ್ರಕಾವ್ಯ ಜನರಿಗೆ ಪ್ರಿಯವಾಗಿತ್ತು, ಅದನ್ನು ಬಿಡಲಾಗುತ್ತಿರಲಿಲ್ಲ. ಗುರುವಿನ ನಿಯಮವನ್ನು ಅಲ್ಲಗಳೆಯಲೂ ಆಗುತ್ತಿರಲಿಲ್ಲ. ಎರಡನ್ನೂ ಉಳಿಸಿಕೊಳ್ಳಲು ಪರಂಪರೆ ಕಂಡುಕೊಂಡ ಉಪಾಯ ಈ ದಂಡನೆ ಮತ್ತು ಪ್ರಾಯಶ್ಚಿತ್ತ. ರಾಘವಾಂಕನ ಕೃತಿಗಳಲ್ಲಿ ಇಂದಿಗೂ ಹೆಚ್ಚು ಓದಿಸಿಕೊಳ್ಳುವುದು ಗುರು ಒಪ್ಪದ ಆ ಕಾವ್ಯವೇ. 1965ರಲ್ಲಿ ರಾಜಕುಮಾರ್ ಅಭಿನಯದ ‘ಸತ್ಯ ಹರಿಶ್ಚಂದ್ರ’ ತೆರೆಗೆ ಬಂದಾಗ ಆ ಅರಸನ ಕಥೆ ಮತ್ತೆ ಮನೆಮಾತಾಯಿತು.

ಹರಿಹರನ ರಗಳೆಗಳು ತಾಳೆಗರಿಗಳಿಂದ ಅಚ್ಚಿಗೆ ಬಂದದ್ದು ಫ.ಗು. ಹಳಕಟ್ಟಿ, ಟಿ.ಎಸ್. ವೆಂಕಣ್ಣಯ್ಯ ಮೊದಲಾದ ವಿದ್ವಾಂಸರ ಶ್ರಮದಿಂದ. 2018ರಲ್ಲಿ ಗಿಲ್ ಬೆನ್ ಹೆರುತ್ ಎಂಬ ವಿದ್ವಾಂಸರು ಈ ರಗಳೆಗಳ ಮೇಲೆ ಇಂಗ್ಲಿಷಿನಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ವೆಂಕಣ್ಣಯ್ಯನವರು ಸಂಪಾದಿಸಿದ ‘ಬಸವರಾಜದೇವರ ರಗಳೆ’ಯಾದರೋ ಪೂರ್ಣವಾಗಿ ಸಿಕ್ಕಿಲ್ಲ. 25 ಸ್ಥಲಗಳೆಂದು ಹೇಳಲಾಗುವ ಆ ಕೃತಿಯಲ್ಲಿ ದೊರೆತಿರುವುದು ಮೊದಲ 13 ಮಾತ್ರ. ಬಸವಣ್ಣನ ಕೊನೆಯ ದಿನಗಳನ್ನು ಹರಿಹರ ಹೇಗೆ ಕಂಡಿದ್ದನೆಂಬ ಭಾಗ ಇಂದಿಗೂ ಕೈಗೆ ಬಂದಿಲ್ಲ.