ಕಾಲೇಜಿನಲ್ಲಿ ಹಾರಲು ಕಲಿತ ಚ್ಯಾಪಿ ಜೇಮ್ಸ್

ವಿದ್ಯಾರ್ಥಿ ಮಿತ್ರರೇ, ಕಾಲೇಜಿನಲ್ಲಿ ಓದುತ್ತಲೇ ವಿಮಾನ ಹಾರಿಸಲು ಕಲಿತು, ಅಮೆರಿಕದ ವಾಯುಪಡೆಯಲ್ಲಿ ಅತ್ಯುನ್ನತ ದರ್ಜೆಗೇರಿದ ಒಬ್ಬರ ಜೀವನವನ್ನು ಇಲ್ಲಿ ತಿಳಿಯೋಣ. ಅವರ ಹೆಸರು ಡೇನಿಯಲ್ ಜೇಮ್ಸ್. ಎಲ್ಲರೂ ಅವರನ್ನು ಚ್ಯಾಪಿ ಎಂದೇ ಕರೆಯುತ್ತಿದ್ದರು.

ಅವರು 1920ರ ಫೆಬ್ರವರಿ 11ರಂದು ಫ್ಲಾರಿಡಾ ರಾಜ್ಯದ ಪೆನ್ಸಕೋಲಾ ಪಟ್ಟಣದಲ್ಲಿ, ಕಪ್ಪು ಜನಾಂಗದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಅಲ್ಲಿ ಬಿಳಿಯರಿಗೊಂದು ಶಾಲೆ, ಕಪ್ಪು ಜನರಿಗೊಂದು ಶಾಲೆ ಇದ್ದ ಕಾಲವದು. ಕಪ್ಪು ಮಕ್ಕಳ ಶಾಲೆಯ ಸ್ಥಿತಿ ನೋಡಿ ಬೇಸತ್ತ ತಾಯಿ ಲಿಲ್ಲಿ ಜೇಮ್ಸ್, ಮನೆಯಲ್ಲೇ ಶಾಲೆ ತೆರೆದು ತಮ್ಮ ಮಕ್ಕಳ ಜೊತೆಗೆ ನೆರೆಹೊರೆಯ ಮಕ್ಕಳಿಗೂ ಪಾಠ ಹೇಳಿದರು. ಬಾಗಿಲು ಮುಚ್ಚಿದೆ ಎಂದು ಅಳುತ್ತಾ ಕೂರದೆ, ಅದು ತೆರೆಯುವ ದಿನಕ್ಕೆ ಸಿದ್ಧರಾಗಿರಬೇಕು ಎಂಬುದೇ ಆ ತಾಯಿಯ ದೊಡ್ಡ ಪಾಠವಾಗಿತ್ತು.

ಊರಿನ ನೌಕಾನೆಲೆಯ ವಿಮಾನಗಳನ್ನು ನೋಡುತ್ತಾ ಬೆಳೆದ ಬಾಲಕನಿಗೆ ಹಾರುವ ಆಸೆ. ಆದರೆ ಆಗ ಕಪ್ಪು ಜನರನ್ನು ಸೇನೆಯಲ್ಲಿ ಪೈಲಟ್‌ಗಳಾಗಿ ಸೇರಿಸಿಕೊಳ್ಳುತ್ತಿರಲಿಲ್ಲ.

1937ರಲ್ಲಿ ಜೇಮ್ಸ್ ಅಲಬಾಮಾದ ಟಸ್ಕೀಗೀ ವಿದ್ಯಾಸಂಸ್ಥೆಗೆ ಸೇರಿದರು. ಕಪ್ಪು ಜನರ ಶಿಕ್ಷಣಕ್ಕಾಗಿ 1881ರಲ್ಲಿ ಆರಂಭವಾದ ಸಂಸ್ಥೆಯಿದು. 1939ರಲ್ಲಿ ಅಮೆರಿಕ ಸರ್ಕಾರ ಕಾಲೇಜುಗಳ ಮೂಲಕ ನಾಗರಿಕ ಪೈಲಟ್ ತರಬೇತಿಗೆ ಕಾನೂನು ಮಾಡಿತು. ಬಣ್ಣದ ಕಾರಣಕ್ಕೆ ಯಾರಿಗೂ ಈ ತರಬೇತಿ ನಿರಾಕರಿಸಬಾರದು ಎಂಬ ಮಾತು ಅದರಲ್ಲಿತ್ತು. ಅದೇ ವರ್ಷ ಟಸ್ಕೀಗೀಗೂ ಅನುಮತಿ ದೊರೆಯಿತು. ವಿದ್ಯಾರ್ಥಿಗಳು ತರಗತಿಯಲ್ಲಿ ಹವಾಮಾನ, ದಿಕ್ಕು ಗುರುತಿಸುವಿಕೆ, ವಾಯುಯಾನದ ನಿಯಮಗಳನ್ನು ಕಲಿಯುತ್ತಿದ್ದರು. ನಂತರ ಚಿಕ್ಕ ವಿಮಾನದಲ್ಲಿ ಶಿಕ್ಷಕರೊಂದಿಗೆ ಹಾರಾಟ; ಕೈ ಪಳಗಿದ ಮೇಲೆ ಒಂಟಿ ಹಾರಾಟ. ಅಲ್ಲಿನ ಮುಖ್ಯ ಶಿಕ್ಷಕ ಆಲ್ಫ್ರೆಡ್ ಆಂಡರ್ಸನ್, ಕಲಿಸುವವರು ಸಿಗದೆ ತಾವೇ ವಿಮಾನ ಕೊಂಡು ಕಲಿತವರು!

ಈ ತರಬೇತಿ ಮುಗಿಸಿದ ಜೇಮ್ಸ್ ಅಲ್ಲಿಯೇ ಹಾರಾಟದ ಶಿಕ್ಷಕರಾದರು. 1943ರ ಜುಲೈನಲ್ಲಿ ಸೇನೆಯ ಅಧಿಕಾರಿಯಾದರು. ಸಮವಸ್ತ್ರ ಸಿಕ್ಕಿತು, ಸಮಾನತೆ ಸಿಗಲಿಲ್ಲ. 1945ರ ಏಪ್ರಿಲ್‌ನಲ್ಲಿ ಬಿಳಿಯ ಅಧಿಕಾರಿಗಳ ಕ್ಲಬ್ ಪ್ರವೇಶದ ವಿಚಾರದಲ್ಲಿ ಅವರ ದಳದ 100ಕ್ಕೂ ಹೆಚ್ಚು ಕಪ್ಪು ಅಧಿಕಾರಿಗಳನ್ನು ಬಂಧಿಸಲಾಯಿತು. ಸೇನೆಯಲ್ಲಿನ ಭೇದಭಾವ ಕೊನೆಗಾಣಿಸುವ ಆಜ್ಞೆ ಬಂದದ್ದು 1948ರಲ್ಲಿ.

ಜೇಮ್ಸ್ ಕೊರಿಯಾ ಯುದ್ಧದಲ್ಲಿ 101 ಬಾರಿ, ವಿಯೆಟ್ನಾಂ ಯುದ್ಧದಲ್ಲಿ 78 ಬಾರಿ ಯುದ್ಧವಿಮಾನದಲ್ಲಿ ಕಾರ್ಯಾಚರಣೆಗೆ ಹೋದರು. 1975ರ ಸೆಪ್ಟೆಂಬರ್‌ನಲ್ಲಿ ನಾಲ್ಕು ನಕ್ಷತ್ರಗಳ ಜನರಲ್ ಆದರು. ಅಮೆರಿಕದ ಸೇನಾಪಡೆಗಳಲ್ಲಿ ಆ ದರ್ಜೆಗೇರಿದ ಮೊದಲ ಕಪ್ಪು ವ್ಯಕ್ತಿ ಅವರೇ. ನಿವೃತ್ತರಾದ ಕೆಲವೇ ವಾರಗಳಲ್ಲಿ, 1978ರ ಫೆಬ್ರವರಿ 25ರಂದು ಹೃದಯಾಘಾತದಿಂದ ತೀರಿಕೊಂಡರು.

ಮಿತ್ರರೇ, ಗಮನಿಸಿ. ಕಾನೂನು ಬಾಗಿಲು ತೆರೆಯಿತು, ಕಾಲೇಜು ದಾರಿ ತೋರಿಸಿತು. ಆದರೆ ಆ ಬಾಗಿಲು ತೆರೆದ ದಿನ ಒಳಗೆ ಕಾಲಿಡಲು ಜೇಮ್ಸ್ ಸಿದ್ಧರಾಗಿದ್ದರಲ್ಲ, ಆ ಸಿದ್ಧತೆ ನಡೆದದ್ದು ತಾಯಿಯ ಮನೆಶಾಲೆಯಲ್ಲಿ. ನಿಮ್ಮ ಇಂದಿನ ಓದನ್ನೂ ಅಂಥ ಸಿದ್ಧತೆಯೆಂದೇ ತಿಳಿಯಿರಿ.